ಮಸಿ ಕೂತ ಸೊಪ್ಪು

ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟೆದ್ದ ರೇಷ್ಮೆಹುಳ ಸೊಪ್ಪು ಮೇಯುವಾಗ ಸೋನೆ ಹಿಡಿದಂತೆ ಸದ್ದಾಗುತ್ತದೆ. ಆ ಬೆಳಿಗ್ಗೆ ಕಾವೇರಮ್ಮ ರೇವಣಸಿದ್ದೇಶ್ವರನ ಹೆಸರು ಹೇಳಿ ತಟ್ಟೆಗಳಿಗೆ ಸೊಪ್ಪು ಹಾಸಿ, ಎಂದಿನಂತೆ ಕಣ್ಣುಮುಚ್ಚಿ ಕಿವಿಗೊಟ್ಟು ನಿಂತರು. ಮೂಡಲ ತೋಟದ ಸೊಪ್ಪು ಹಾಸಿದ ಕಡೆ ಸೋನೆ ಹಿಡಿದಿತ್ತು. ಪಡುವಲ ತೋಟದ ಸೊಪ್ಪು ಹಾಸಿದ ಕಡೆ ಸದ್ದೇ ಇಲ್ಲ. ಪದ್ಯ ಓದುತ್ತಿದ್ದವರು ನಡುವೆ ಉಸಿರು ಬಿಗಿಹಿಡಿದಂತಿತ್ತು. ಹುಳಗಳು ತಲೆಯೆತ್ತಿ ಸುಮ್ಮನಿದ್ದವು.

ಒಂದು ಎಲೆ ಎತ್ತಿ ಬೆರಳಾಡಿಸಿದರು. ಬೆರಳು ಕಪ್ಪಾಯಿತು.

ಪಡುವಲ ತೋಟದ ಪಕ್ಕದಲ್ಲೇ ಮಗ ರಾಮಲಿಂಗಯ್ಯನ ನೂಲು ತೆಗೆಯುವ ಕಾರ್ಖಾನೆ. ಕ್ಲೋಸ್‌ಪೇಟೆಯ ಸುತ್ತ ಎಲ್ಲರೂ ಕೈಯಲ್ಲೇ ಚರಕ ತಿರುಗಿಸುತ್ತಿದ್ದಾಗ ಉಗಿ ಎಂಜಿನ್ನು ತಂದವನು ಅವನು. ಯುರೋಪಿನ ಯುದ್ಧ ಶುರುವಾದ ಮೇಲೆ ಬಂಗಾಳದ ಕಲ್ಲಿದ್ದಲು ಸಿಗುವುದೇ ಕಷ್ಟವಾಗಿತ್ತು. ಸಿಕ್ಕಿದ್ದೂ ಪುಡಿ, ಕಸ. ಹೊಗೆ ಇಮ್ಮಡಿಯಾಗಿತ್ತು. ಸೊಪ್ಪು ತೊಳೆಯುವಂತೆಯೂ ಇಲ್ಲ. ಒದ್ದೆ ಸೊಪ್ಪು ತಿಂದ ಹುಳ ಕೊಳೆತು ಸಾಯುತ್ತದೆ.

ರಾಮಲಿಂಗಯ್ಯ ಪ್ರಜಾಪ್ರತಿನಿಧಿ ಸಭೆಯ ಮೆಂಬರೂ ಹೌದು. ಕುಸಿದ ಕೆರೆತೂಬಿನ ಮಾತು ಎತ್ತಿ ಬಾ ಎಂದು ಊರೇ ಅವನನ್ನು ಮೈಸೂರಿಗೆ ಕಳಿಸಿತ್ತು. ಹಿಂದಿನ ಸಂಜೆಯಷ್ಟೇ ಮರಳಿದ್ದ. ಕಾವೇರಮ್ಮ ಮಸಿಯ ಎಲೆ ಹಿಡಿದೇ ಅವನು ಕೂತಿದ್ದ ಜಗಲಿಗೆ ಬಂದರು.

“ಏನ್ ಮೆಂಬ್ರೇ, ತೂಬಿನ ವಿಷ್ಯ ಎತ್ತಿದ್ರಾ?”

“ಈ ಸಲ ಎತ್ತಲಿಲ್ಲ ಕಣವ್ವಾ,” ಎಂದ ರಾಮಲಿಂಗಯ್ಯ. “ಕಲ್ಲಿದ್ದಲಿಗೆ ವ್ಯಾಗನ್ನು ಕೊಡ್ಸೋ ಸಾಹೇಬ್ರೇ ತೂಬು ನೋಡ್ಕಳೋರು. ಅವ್ರ ಮ್ಯಾಲೆ ದೂರು ಹೇಳುದ್ರೆ ವ್ಯಾಗನ್ನು ನಿಂತೋಯ್ತದೆ.”

“ಹಂಗಾರೆ ಹುಳ ಮುಟ್ಟದ ಈ ಸೊಪ್ಪಿನ ಮ್ಯಾಲಷ್ಟೇ ಅಲ್ಲ, ನಿನ್ ನಾಲ್ಗೆ ಮ್ಯಾಲೂ ಮಸಿ ಕೂತದೆ ಅನ್ನು.”

“ಹುಳ ಶೀತಕ್ಕೆ ಮೇವು ಬುಟ್ಟಿರ್ತವೆ. ಎಂಜಿನ್ನು ಅಂದ್ರೆ ಊರಿಗೇ ಗೌರವ ಕಣವ್ವಾ!”

“ಗೌರವಾನ ಹುಳ ತಿನ್ನಾಕಿಲ್ಲ ಕಣ್ಲಾ.”

ಅರ್ಧ ಬೆಳೆ ತಿಪ್ಪೆಗೆ ಹೋಯಿತು. ಊರಿನ ಬೇರೆ ಮನೆಗಳಲ್ಲೂ ಅದೇ ಗತಿ. ಕಾವೇರಮ್ಮ ಅಳಲಿಲ್ಲ. ಬಾವಿಕಟ್ಟೆಯ ಬಳಿ ಹೆಂಗಸರೊಡನೆ ಒಸಿ ಹೊತ್ತು ಮಾತಾಡಿದರು, ಅಷ್ಟೆ. ಉಳಿದ ಹುಳ ಹಣ್ಣಾಗಿ ಗೂಡು ಕಟ್ಟಿದವು.

ಗೂಡು ಬಿಡಿಸಿದ ದಿನ ವಾಡಿಕೆಯಂತೆ ಹೆಂಗಸರು ಗೂಡು ಮಾರಲು ಮಂಕರಿ ಹೊತ್ತು ಕಾರ್ಖಾನೆಯ ಬಾಗಿಲಿಗೆ ಬಂದರು. ಒಳಗೆ ಉಗಿಯೇರಿದ ಎಂಜಿನ್ನು ಬುಸುಗುಡುತ್ತಿತ್ತು. ಆದರೆ ಬಾಗಿಲ ಮುಂದೆ ಒಂದು ಎತ್ತಿನ ಗಾಡಿಯೂ ನಿಂತಿತ್ತು. ಕ್ಲೋಸ್‌ಪೇಟೆಯಲ್ಲಿ ಕೈಚರಕದಿಂದ ನೂಲು ತೆಗೆಯುವ ಗಫಾರ್‌ನನ್ನು ಕಾವೇರಮ್ಮ ಹೇಳಿ ಕರೆಸಿದ್ದರು. ಮೊದಲ ಮಂಕರಿಯನ್ನು ಅವರೇ ಆ ಗಾಡಿಗೆ ಸುರಿದರು.

ಗಫಾರ್ ಗಡ್ಡ ಕೆರೆದುಕೊಂಡ. “ಅಮ್ಮಾ, ನಿಮ್ ಮಗನ್ ಬಾಗ್ಲಲ್ಲೇ ನಂಗೆ ಗೂಡು ಕೊಟ್ರೆ ಅವ್ರು ನನ್ನ ಬಾಯ್ಲರ್‌ಗೆ ಹಾಕ್ಬುಡ್ತಾರೆ!”

“ಹಾಕ್ಲಿ, ಕಲ್ಲಿದ್ದಲು ಉಳೀತದೆ,” ಎಂದರು ಕಾವೇರಮ್ಮ. ಹೆಂಗಸರು ಗೊಳ್ಳೆಂದರು.

ರಾಮಲಿಂಗಯ್ಯ ಹೊರಗೆ ಬಂದವನೇ ಕೆಂಪಾದ. “ಇವ್ನ ಒಲೇಲಿ ಹೊಗೆ ಬರಾಕಿಲ್ವಾ?”

“ಬತ್ತದೆ. ಅವ್ನ ಒಲೆ ಹೊಗೆ ಮೊದ್ಲು ಅವ್ನ ಕಣ್ಣಿಗೇ ಬತ್ತದೆ. ನಿನ್ ಹೊಗೆ ನಿನ್ ಬುಟ್ಟು ಊರಿಗೆಲ್ಲ ಬತ್ತದೆ.”

ಮಂಕರಿಗಳು ಒಂದೊಂದಾಗಿ ಗಾಡಿಗೆ ಬರಿದಾದವು. ಯಾರೂ ಅವನನ್ನು ಬಯ್ಯಲಿಲ್ಲ. ಒಳಗೆ ಕುದಿಯುವ ನೀರಿನ ಮುಂದೆ ಕೆಲಸದವರು ಬರಿಗೈಲಿ ಕೂತಿದ್ದರು.

“ನಂಗೆ ಯಾರೂ ಕೊಡಾಕಿಲ್ವಾ?” ಈಗ ಅವನ ದನಿ ಇಳಿದಿತ್ತು.

“ಹುಳ ಮೇಯೋ ದಿನ ಬೆಂಕಿ ಹಾಕ್ಬ್ಯಾಡ. ಮುಂದಿನ ಸಭೇಲಿ ತೂಬಿನ ಮಾತಾಡು. ಆಮ್ಯಾಕೆ ಕೊಡ್ತೀವಿ.”

ರಾಮಲಿಂಗಯ್ಯ ತಾಯಿಯ ಮುಖ ನೋಡಿದ, ಖಾಲಿ ಮಂಕರಿಗಳನ್ನು ನೋಡಿದ. ಆಮೇಲೆ ಒಳಗೆ ಹೋಗಿ, ಬೆಂಕಿ ಆರಿಸಲು ಹೇಳಿದ.

ಮುಂದಿನ ಸಭೆ ಮುಗಿಸಿ ಬಂದವನು ಪೇಟ ತೆಗೆಯುವ ಮೊದಲೇ ತಾಯಿಯ ಎದುರು ಕೂತ.

“ಸಾಹೇಬ್ರು ಕೆಂಗಣ್ಣು ಬುಟ್ರು ಕಣವ್ವಾ. ಇನ್ನು ವ್ಯಾಗನ್ನು ಕನಸೇ.”

“ತೂಬು?”

“ಬರ್ಕೊಂಡವ್ರೆ. ಮಾಡ್ದೆ ಇದ್ರೆ ಮತ್ತೆ ಎದ್ದು ನಿಂತ್ಕತೀನಿ. ಹೆದರ್ಸಾಕೆ ಈಗ ಅವ್ರ ಕೈಲಿ ನಂದೇನೂ ಇಲ್ವಲ್ಲ.”