ಕಪ್ಪು ಪ್ಲಗ್ಗು, ಬೂದು ಪ್ಲಗ್ಗು

ನವೆಂಬರಿನ ಮೊದಲ ಮಂಗಳವಾರ ಊರಾಡಳಿತದ ಕೌನ್ಸಿಲ್‌ನವರು ಡಿನ್ನಿ ಮೊಂಗನ್‌ನ ವ್ಯಾನನ್ನು ಎತ್ತಿಕೊಂಡು ಹೋಗಿ ಪುಡಿ ಮಾಡಿದರು. ಅದರ ಕಾಗದಪತ್ರ ಸರಿಯಾಗಿಯೇ ಇತ್ತು. ಅವರು ಹುಡುಕುತ್ತಿದ್ದುದು ಬೇರೆ ನಂಬರಿನ ವ್ಯಾನು. ಬುಧವಾರ ಅದೇ ಕೌನ್ಸಿಲ್‌ನವರು ಬಂದು, ರಸ್ತೆಬದಿಯಲ್ಲಿ ನಿಂತಿದ್ದ ಅವನ ಚಕ್ರದ ಮನೆ ಕ್ಯಾರವಾನಿನ ಬಾಗಿಲಿಗೆ ಚೀಟಿ ಅಂಟಿಸಿದರು. ಶುಕ್ರವಾರ ಸಂಜೆ ನಾಲ್ಕರೊಳಗೆ ಬಿಡಾರ ಎಳೆದುಕೊಂಡು ಹೊರಡಬೇಕು ಎಂದು ಅದರಲ್ಲಿತ್ತು. ಯಾವುದರಿಂದ ಎಳೆಯಬೇಕು ಎಂದು ಬರೆದಿರಲಿಲ್ಲ.

ಡಿನ್ನಿಯ ಹೆಂಡತಿ ನ್ಯಾನ್ ಚೀಟಿಯನ್ನು ಮಡಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು. ಆ ಡಬ್ಬಿಯ ಕೆಳಗೆ ಇಂಥ ಚೀಟಿಗಳ ಒಂದು ಕಟ್ಟೇ ಇತ್ತು.

ಉಳಿದಿದ್ದು ನ್ಯಾನ್‌ಳ ಹೊಸ ಮಾದರಿಯ ಪುಟ್ಟ ಕಾರು. ಅಂಗಡಿಗೆ, ಆಸ್ಪತ್ರೆಗೆ, ಚರ್ಚಿನ ಪೂಜೆಗೆ ಹೋಗಿ ಬರಲು ಇಟ್ಟುಕೊಂಡಿದ್ದು. ಕ್ಯಾರವಾನ್ ಮೂವತ್ತೈದು ವರ್ಷದ ಹಳೆಯದು. ಅದರ ಮೂತಿಯಿಂದ, ಗಾಡಿಗೆ ಕೊಂಡಿ ಹಾಕುವ ಕಡೆ, ಎರಡು ಪ್ಲಗ್ಗು ಜೋತಾಡುತ್ತವೆ. ಕಪ್ಪು ಪ್ಲಗ್ಗು ಹಿಂದಿನ ದೀಪಗಳಿಗೆ. ಬೂದು ಪ್ಲಗ್ಗು ಒಳಗಿನ ಬ್ಯಾಟರಿಗೆ. ಆ ಬ್ಯಾಟರಿಯಿಂದಲೇ ಡಿನ್ನಿಯ ತಾಯಿ ನೋನಿಯ ಉಸಿರಿನ ಯಂತ್ರ ನಡೆಯುವುದು, ದಿನಕ್ಕೆ ನಾಲ್ಕು ಸಲ. ರಸ್ತೆಬದಿಯಲ್ಲಿ ಬೇರೆ ಕರೆಂಟಿಲ್ಲ. ಗಾಡಿ ಓಡಿದರೆ ಬ್ಯಾಟರಿ ತುಂಬುತ್ತದೆ, ಇಲ್ಲದಿದ್ದರೆ ಇಲ್ಲ.

"ಇದೇನು ಮಹಾ," ಎಂದ ಡಿನ್ನಿ. "ಅರ್ಧ ಗಂಟೆ ಕೆಲ್ಸ."

ಆ ಜಿಲ್ಲೆಯಲ್ಲಿ ಅಲೆಮಾರಿ ಮೊಂಗನ್ ಮನೆತನದವರ ಯಾವ ಗಾಡಿಯ ಹಿಂದೆ ಯಾವ ದೀಪ ಉರಿದರೂ ಅದಕ್ಕೆ ತಂತಿ ಸುತ್ತಿದವನು ಅವನೇ. ಗುರುವಾರ ಡಿಕ್ಕಿಯ ಒಳಗೆ ತಲೆ ಹಾಕಿ, ಕಾರಿನ ಹಿಂದೀಪದ ತಂತಿ ಸುಲಿದು, ಕಪ್ಪು ಪ್ಲಗ್ಗಿನ ತಂತಿ ಅದಕ್ಕೇ ತಿರುಚಿ ಟೇಪು ಸುತ್ತಿದ. ಬೂದು ಪ್ಲಗ್ಗಿಗೆ ಸಿಗರೇಟು ಹೊತ್ತಿಸುವ ತೂತಿನಿಂದ ಒಂದು ತೆಳು ತಂತಿ ಎಳೆದ. ದೀಪ ಹತ್ತಿತು.

"ನೋಡ್ದೇನೇ? ಹಬ್ಬ!"

ನ್ಯಾನ್ ಆ ದೀಪವನ್ನೇ ನೋಡಿದಳು. ಹನ್ನೆರಡು ವರ್ಷದ ಹಿಂದೆ, ಇಂಥದೇ ಒಂದು ಸಂಜೆ, ಪೊಲೀಸಿನವರು ಈಗಲೇ ಹೊರಡು ಎಂದಾಗ ಮೈಲಿ ಎಂಬ ಅವಳ ತಮ್ಮ ಬಿಡಾರ ಎಳೆದುಕೊಂಡು ಹೊರಟಿದ್ದ. ದಾರಿಯಲ್ಲಿ ಹಿಂದಿನ ದೀಪ ಸತ್ತುಹೋಯಿತು. ಹಿಂದೆ ಬಂದ ಲಾರಿಯವನಿಗೆ ಏನೂ ಕಾಣಲಿಲ್ಲ. ಮೈಲಿಯ ಗಾಡಿಗೆ ತಂತಿ ಸುತ್ತಿದವನೂ ಡಿನ್ನಿಯೇ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನ್ಯಾನ್ ಫೋನು ತೆಗೆದುಕೊಂಡು ಅಸಂಪ್ಟಾಳನ್ನು ಕರೆದಳು. ಅಸಂಪ್ಟಾ ಡಿನ್ನಿಯ ತಮ್ಮನ ಮಗಳು. ಪಟ್ಟಣದ ಗ್ಯಾರೇಜಿನಲ್ಲಿ ಕಾರಿನ ಕರೆಂಟು ಕೆಲಸ ಕಲಿತು, ಈಗ ಬಿಡಾರದಿಂದ ಬಿಡಾರಕ್ಕೆ ಹೋಗಿ ಅದನ್ನೇ ಮಾಡುತ್ತಾಳೆ.

ಶುಕ್ರವಾರ ಮಧ್ಯಾಹ್ನ ಅವಳು ಬಂದಾಗ ಡಿನ್ನಿ ಟೀ ಲೋಟ ಕೆಳಗಿಡಲಿಲ್ಲ.

"ಬಂದ್ಲಪ್ಪ ಪಂಡಿತೆ. ನೀನು ತೊಟ್ಟಿಲಲ್ಲಿದ್ದಾಗಿಂದ ತಂತಿ ತಿರುಚ್ತಾ ಇದೀನಿ ಕಣೇ."

"ಗೊತ್ತು ದೊಡ್ಡಪ್ಪ. ಅದಕ್ಕೇ ಬಂದೆ."

ನೋನಿ ಕಿಟಕಿಯಿಂದ ನಕ್ಕು ಕೆಮ್ಮಿದಳು.

ಅಸಂಪ್ಟಾ ಮೊದಲು ಕಾರಿನ ಬಾಗಿಲು ತೆರೆದು, ಬಾಗಿಲ ಚೌಕಟ್ಟಿನ ಮೇಲೆ ತೂಕ ಬರೆದಿದ್ದ ತಗಡು ಓದಿದಳು. "ಈ ಕಾರು ಒಂಬೈನೂರು ಕಿಲೋ ಎಳೆಯುತ್ತೆ. ಬಿಡಾರ ಖಾಲಿ ಇದ್ರೆ ಏಳ್ನೂರು. ನೀರಿನ ಕ್ಯಾನು ಚೆಲ್ಲಿ. ಆ ಎರಡನೇ ಗ್ಯಾಸ್ ಸಿಲಿಂಡರು ನಮ್ಮನೆಗೆ ಕಳ್ಸಿ. ದೊಡ್ಡಮ್ಮ, ಆ ಪಿಂಗಾಣಿ ಪೆಟ್ಟಿಗೆ?"

"ಅದು ನನ್ನ ಮದುವೇದು."

"ಸರಿ, ಅದು ಬರ್ಲಿ. ದೊಡ್ಡಪ್ಪಂದೂ ನಿಮ್ದೂ ಹಣೆಬರಹ ಅದರಲ್ಲೇ ಇದೆ."

ಆಮೇಲೆ ಕಾರು ಚಾಲೂ ಮಾಡಿಸಿದಳು. "ದೊಡ್ಡಪ್ಪ, ಎಲ್ಲಾ ದೀಪ ಹಾಕಿ. ಬ್ರೇಕು ಒತ್ತಿ ಹಿಡ್ಕೊಳ್ಳಿ. ಬಿಡಬೇಡಿ."

ಡಿನ್ನಿ ಒತ್ತಿದ. ದೀಪ ಉರಿಯಿತು. "ಸಾಕಾ?"

"ಇಲ್ಲ. ಬಲಗಡೆ ತಿರುಗೋ ದೀಪಾನೂ ಹಾಕಿ."

ನ್ಯಾನ್ ಕ್ಯಾರವಾನಿನ ಹಿಂದೆ ನಿಂತಿದ್ದಳು. ಮೂರು ನಿಮಿಷವಾಯಿತು. ಬಲಗಡೆಯ ದೀಪ ಒಮ್ಮೆ ಪಟಪಟನೆ ಮಿಟುಕಿ ನಿಂತುಹೋಯಿತು. ಆಮೇಲೆ ಬ್ರೇಕಿನ ಕೆಂಪು. ಆಮೇಲೆ ಎಲ್ಲವೂ. ಕಾರಿನ ಹಿಂದೀಪವೂ ಆರಿತ್ತು.

"ಹೋಯ್ತು," ಎಂದಳು ನ್ಯಾನ್.

"ಏನ್ ಹೋಯ್ತು? ನಾನು ಒತ್ಕೊಂಡೇ ಇದೀನಲ್ಲ!"

"ಒತ್ಕೊಂಡೇ ಇದೀರಿ. ಅಲ್ಲಿ ಏನೂ ಇಲ್ಲ," ಎಂದಳು ಅಸಂಪ್ಟಾ. "ಇಳಿದು ಬಂದು ಆ ತೆಳು ತಂತಿಯ ಟೇಪು ಮುಟ್ಟಿ."

ಡಿನ್ನಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. ಟೇಪು ಮೆತ್ತಗಾಗಿ ವಾಸನೆ ಬರುತ್ತಿತ್ತು.

"ಫ್ಯೂಸೇನೋ ಹೋಗಿರ್ಬೇಕು. ಸ್ವಲ್ಪ ದೊಡ್ಡದು ಹಾಕಿದ್ರೆ..."

"ದೊಡ್ಡ ಫ್ಯೂಸ್ ಹಾಕಿದ್ರೆ ಫ್ಯೂಸ್ ಉಳಿಯುತ್ತೆ, ಕಾರು ಉರಿಯುತ್ತೆ."

ಕಿಟಕಿಯಿಂದ ನೋನಿ ಹೇಳಿದಳು: "ನಾನು ಹುಟ್ಟಿದಾಗ ನಮ್ಮ ಬಂಡಿ ಕುದುರೆ ಎಳೀತಿತ್ತು. ಅದಕ್ಯಾವ ಫ್ಯೂಸೂ ಇರ್ಲಿಲ್ಲ ಕಣಮ್ಮ."

"ಜಾಸ್ತಿ ಹೇರಿದ್ರೆ ಒದೀತಿತ್ತಲ್ಲ ಅಜ್ಜಿ? ಅದೇ ಫ್ಯೂಸು."

ಡಿನ್ನಿ ಕ್ಯಾರವಾನಿನ ಮೂತಿಯ ಮೇಲೆ ಕೂತ. ಅಸಂಪ್ಟಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ತಂತಿ ಬಿಚ್ಚುತ್ತ ಮಾತಾಡಿದಳು.

"ನಿಮ್ಮ ಹಳೇ ವ್ಯಾನಿನ ತಂತಿ ಕತ್ತೆ ಇದ್ದ ಹಾಗೆ ದೊಡ್ಡಪ್ಪ. ಹೇರಿದ್ದನ್ನ ಹೊರ್ತಿತ್ತು. ಈ ಕಾರಿನೊಳಗೆ ಒಂದು ಕಾವಲು ಡಬ್ಬಿ ಇದೆ. ಒಂದೊಂದು ಬಲ್ಬು ಎಷ್ಟು ಕರೆಂಟು ಕುಡೀತಿದೆ ಅಂತ ನೋಡ್ತಾನೇ ಇರುತ್ತೆ. ಒಂದು ಬಲ್ಬಿನ ತಂತೀಲಿ ಎರಡು ಬಲ್ಬು ಕುಡಿಯೋಕೆ ಹೋದ್ರೆ ನಲ್ಲಿ ಬಂದ್ ಮಾಡುತ್ತೆ."

"ಹಂಗಾದ್ರೆ ಈ ಕಾರು ಎಳೆಯೋದೇ ಇಲ್ವಾ?"

"ಎಳೆಯುತ್ತೆ. ಮಧ್ಯೆ ಒಂದು ರಿಲೇ ಡಬ್ಬಿ ಇಡ್ಬೇಕು. ಅದು ಕಾರಿನ ದೀಪದ ತಂತಿಯಿಂದ ಸುದ್ದಿ ಮಾತ್ರ ಕೇಳುತ್ತೆ. ಬ್ರೇಕ್ ಒತ್ತಿದ್ರಾ, ಇಲ್ವಾ, ಅಷ್ಟೇ. ಕರೆಂಟು ನೇರ ಕಾರಿನ ಬ್ಯಾಟರಿಯಿಂದ ತಗೊಳ್ಳುತ್ತೆ. ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರ್ಬೇಕು, ಗೇಣು ದೂರದಲ್ಲಿ."

"ಬೂದು ಪ್ಲಗ್ಗು?" ಎಂದು ಕೇಳಿದವಳು ನ್ಯಾನ್.

"ಅದಕ್ಕೆ ಬೇರೆ ದಪ್ಪ ತಂತಿ, ಬೇರೆ ಫ್ಯೂಸು, ಬೇರೆ ರಿಲೇ. ಎಂಜಿನ್ ಓಡ್ತಿದ್ರೆ ಬಾಗಿಲು ತೆಗೆಯುತ್ತೆ, ನಿಂತ್ರೆ ಮುಚ್ಚುತ್ತೆ. ಇಲ್ದಿದ್ರೆ ಅಜ್ಜಿ ಯಂತ್ರ ಕಾರಿನ ಬ್ಯಾಟರೀನೂ ಹೀರಿ ಹಾಕುತ್ತೆ, ಬೆಳಿಗ್ಗೆ ಕಾರು ಏಳೋದಿಲ್ಲ. ಕರೆಂಟು ವಾಪಸ್ ಬರೋ ಅರ್ಥ್ ತಂತೀನೂ ಅಷ್ಟೇ ದಪ್ಪ ಇರ್ಬೇಕು. ಎಲ್ಲರೂ ಮರೆಯೋದು ಅದನ್ನೇ."

ಡಿನ್ನಿ ಬಿಚ್ಚಿದ ತಂತಿಯನ್ನು ಬೆರಳಿಗೆ ಸುತ್ತಿ ನೋಡಿದ. ಆಮೇಲೆ ಕೇಳಿದ: "ಮೈಲಿದೂ ಹಿಂಗೇ ಆಗಿತ್ತೇನೇ? ಅವನದೂ ಹೊಸ ಗಾಡಿ."

ಅಸಂಪ್ಟಾ ದೊಡ್ಡಮ್ಮನ ಕಡೆ ನೋಡಿದಳು. ನ್ಯಾನ್ ಹೇಳು ಎಂಬಂತೆ ತಲೆ ಆಡಿಸಿದಳು.

"ಆಗಿರ್ಬಹುದು ದೊಡ್ಡಪ್ಪ."

ಡಿನ್ನಿ ಎದ್ದು, ತಾನು ಸುತ್ತಿದ ಉಳಿದ ಟೇಪನ್ನು ತಾನೇ ಬಿಚ್ಚಿದ. "ನಿನ್ನ ಡಬ್ಬಿ ಹಾಕು," ಎಂದ. "ಹೆಂಗೆ ಹಾಕ್ತೀಯ ತೋರ್ಸು."

ಡಬ್ಬಿಗಳು ಪಟ್ಟಣದಿಂದ ಮರುದಿನ ಬೆಳಗಿನ ಬಸ್ಸಿನಲ್ಲಿ ಬರಬೇಕಿತ್ತು. ಹತ್ತಕ್ಕೆ ಬಂದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ ಎಂದು ಅಸಂಪ್ಟಾ ಹೇಳಿದಳು. ನೋನಿಯ ಯಂತ್ರಕ್ಕೆ ಇವತ್ತಿನ ಮಟ್ಟಿಗೆಂದು ಎಳೆಯುವ ಕೊಂಡಿಯಿಲ್ಲದ ತನ್ನ ಗಾಡಿಯಿಂದ ತುಂಬಿದ ಬ್ಯಾಟರಿಯೊಂದನ್ನು ಇಳಿಸಿಕೊಟ್ಟು ಹೊರಟಳು.

ಇದನ್ನು ಗುಂಪಿನಲ್ಲಿ ಓದುತ್ತಿರುವವರು ಇಲ್ಲಿ ನಿಲ್ಲಿಸಿ. ಹೊರಗೆ ಹೋಗಿ. ಎಳೆಯುವುದು ಕಾರೇ ಆಗಲಿ ಟ್ರ್ಯಾಕ್ಟರೇ ಆಗಲಿ, ಎಳೆಸಿಕೊಳ್ಳುವುದು ಮನೆಯೇ ಆಗಲಿ ಕಬ್ಬಿನ ಟ್ರೇಲರೇ ಆಗಲಿ, ಒಬ್ಬರು ಬ್ರೇಕು ಒತ್ತಿ, ಒಬ್ಬರು ಹಿಂದೆ ನಿಲ್ಲಿ. ಒಂದು ಗಳಿಗೆ ಸಾಲದು, ಐದು ನಿಮಿಷ ಒತ್ತಿ. ತಂತಿ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಬಿಚ್ಚಿಸಿ, ತಿಳಿದವರ ಕೈಯಲ್ಲಿ ಹೊಸದಾಗಿ ಹಾಕಿಸಿ. ದೀಪವಿಲ್ಲದೆ ರಸ್ತೆಗಿಳಿ ಎಂದು ಯಜಮಾನ ಹೇಳಿದರೂ, ಅಧಿಕಾರಿ ಹೇಳಿದರೂ, ಇಳಿಯಬೇಡಿ. ಹಿಂದಿನಿಂದ ಬರುವ ಲಾರಿಗೆ ಅವರ ಅಪ್ಪಣೆ ಕಾಣಿಸುವುದಿಲ್ಲ. ನೋಡಿ ಬಂದ ಮೇಲೆ ಮುಂದೆ ಓದಿ.

ನಾಲ್ಕು ಗಂಟೆಗೆ ಸರಿಯಾಗಿ ಅವರು ಬಂದರು. ಕೌನ್ಸಿಲ್‌ನವನೊಬ್ಬ, ಪೊಲೀಸಿನವನೊಬ್ಬ. ಆ ಚಳಿನಾಡಿನ ನವೆಂಬರಿನಲ್ಲಿ ಆಗಲೇ ಬೆಳಕು ಕಂದುತ್ತಿತ್ತು, ಮಂಜು ಗದ್ದೆಯಿಂದ ರಸ್ತೆಗೆ ಹತ್ತುತ್ತಿತ್ತು.

"ಇನ್ನೂ ಇಲ್ಲೇ ಇದೀರಲ್ಲ?" ಎಂದ ಕೌನ್ಸಿಲ್‌ನವನು.

"ದೀಪ ಇಲ್ಲ ಸಾರ್," ಎಂದಳು ನ್ಯಾನ್. "ನಾಳೆ ಮಧ್ಯಾಹ್ನಕ್ಕೆ ಆಗುತ್ತೆ."

"ಚೀಟೀಲಿ ಇರೋದು ಇವತ್ತು."

ಪೊಲೀಸಿನವನು ಡಿನ್ನಿಯ ಕಡೆ ತಿರುಗಿದ. "ಮುಂದಿನ ಜಾಗಕ್ಕೆ ಹನ್ನೊಂದು ಕಿಲೋಮೀಟರು, ಅಷ್ಟೇ ಮಾರಾಯ. ನಿಧಾನಕ್ಕೆ ಹೋಗು. ಕಾರು ಚಾಲೂ ಮಾಡು."

ಮೂವತ್ತೆರಡು ವರ್ಷದ ಸಂಸಾರದಲ್ಲಿ ನ್ಯಾನ್ ಈ ಮಾತನ್ನು ಎಪ್ಪತ್ತು ಸಲವಾದರೂ ಕೇಳಿದ್ದಳು. ಎಪ್ಪತ್ತು ಸಲವೂ ಡಿನ್ನಿ ಟೋಪಿ ಸರಿಮಾಡಿಕೊಂಡು 'ಆಗ್ಲಿ ಸಾರ್' ಎಂದಿದ್ದ. ಈಗಲೂ ಅವನ ಕೈ ಟೋಪಿಗೆ ಹೋಯಿತು. ಅವಳು ಕಾದಳು.

"ದೀಪ ಇಲ್ಲ ಅಂತ ಗೊತ್ತಿದ್ದೂ ನಾವೇ ರಸ್ತೆಗೆ ಇಳಿಸಿದ್ವಿ ಅಂತ ಬರ್ಕೊಡ್ತೀರಾ ಸಾರ್?" ಎಂದ ಡಿನ್ನಿ. "ನಿಮ್ಮ ಹೆಸರು, ಟೈಮು ಎಲ್ಲಾ ಹಾಕಿ."

ಪೊಲೀಸಿನವನು ಕೌನ್ಸಿಲ್‌ನವನನ್ನು ನೋಡಿದ. ಕೌನ್ಸಿಲ್‌ನವನು ಫೈಲು ಮುಚ್ಚಿದ.

"ನಾವು ಬರ್ಕೊಡೋಕೆ ಬಂದಿಲ್ಲ. ಇಲ್ಲಾಂದ್ರೆ ಬಿಡಾರ ಜಪ್ತಿ ಆಗುತ್ತೆ."

"ಜಪ್ತಿ ಮಾಡೋರೂ ದೀಪ ಹಾಕ್ಕೊಂಡೇ ಎಳೀಬೇಕು ಸಾರ್. ಇದರ ಬೆನ್ನಲ್ಲಿ ಇವತ್ತು ಉರಿಯೋದಿಲ್ಲ." ಡಿನ್ನಿ ಕಪ್ಪು ಪ್ಲಗ್ಗನ್ನು ಎತ್ತಿ ತೋರಿಸಿದ. "ನನ್ನ ಬಾಮೈದಂಗೂ ಹಿಂಗೇ ಹೇಳಿದ್ರು. ಒಂಬತ್ತು ಕಿಲೋಮೀಟರು, ಅಷ್ಟೇ ಅಂದ್ರು. ಅವನು ನಾಲ್ಕೇ ಹೋದ."

ಒಳಗೆ ನೋನಿಯ ಯಂತ್ರ ಗುಂಯ್‌ಗುಡುತ್ತಿತ್ತು.

"ಕೊನೇ ಸಲ ಹೇಳ್ತಾ ಇದೀನಿ," ಎಂದ ಪೊಲೀಸಿನವನು. "ಕಾರು ಚಾಲೂ ಮಾಡು."

ಡಿನ್ನಿ ಜೇಬಿನಿಂದ ಕೀಲಿ ತೆಗೆದು ನ್ಯಾನ್‌ಳ ಕೈಗೆ ಕೊಟ್ಟ. ಅವಳು ಅದನ್ನು ಸ್ವೆಟರಿನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

"ಇಲ್ಲ ಸಾರ್," ಎಂದ ಡಿನ್ನಿ. "ಮಾಡಲ್ಲ."