ಚಹಾ ಮುಗಿಯದೆ ಹಾಡದ ಯಂತ್ರ

ನಮ್ಮ ಸಿಂಥಸೈಜರ್‌ಗೆ ಮೊದಲು ಚಹಾ ಆಗಬೇಕು. ಅಂದರೆ, ಸ್ವಿಚ್ ಹಾಕಿದ ಮೇಲೆ ನಾವು ಒಂದು ಕೆಟಲ್ ಹಸಿರು ಚಹಾ ಮುಗಿಸುವವರೆಗೂ ಅದನ್ನು ಮುಟ್ಟುವಂತಿಲ್ಲ. ಬೆಚ್ಚಗಾಗಿ ಶ್ರುತಿಗೆ ನಿಲ್ಲಲು ಅದಕ್ಕೆ ಅಷ್ಟು ಹೊತ್ತು ಬೇಕು. ಜಪಾನಿನ ಹಮಾಮತ್ಸುವಿನ ನಮ್ಮ ಪುಟ್ಟ ಕಾರ್ಖಾನೆಯಲ್ಲಿ ನಲವತ್ತು ವರ್ಷದ ಹಿಂದೆ ಕರೆಂಟಿನಿಂದ ಹಾಡುವ ಅಂಥ ಕೀಬೋರ್ಡ್ ವಾದ್ಯ ಹನ್ನೊಂದನ್ನು ಮಾಡಿದ್ದೆವು. ರೂಪಿಸಿದವರು ಒಗಿನೊ ಸಾನ್, ಒಳಗಿನ ತಂತಿ, ಬೆಸುಗೆಯೆಲ್ಲ ನನ್ನದು. ನಾನು ಕರೆಂಟಿನ ತಂತಿ ಹಾಯಿಸಿದ ರೀತಿಗೆ ಯಂತ್ರ ಸಣ್ಣಗೆ ಗುಂಯ್ ಎನ್ನುತ್ತದೆಂದು ಇಂದಿಗೂ ಅವರಿಂದ ಬೈಸಿಕೊಳ್ಳುತ್ತೇನೆ. ಉಳಿದಿರುವ ಈ ಒಂದನ್ನು ಊರಿನ ವಾದ್ಯಗಳ ಮ್ಯೂಸಿಯಂ ಕೇಳಿದಾಗ ಮೂರು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಗಾಜಿನ ಪೆಟ್ಟಿಗೆ ಸೇರಿದರೆ ಮತ್ತೆ ಯಾರೂ ಸ್ವಿಚ್ ಹಾಕುವುದಿಲ್ಲ. ಕಳಿಸುವ ಮುನ್ನ ದನಿ ಉಳಿಸಿಕೊಳ್ಳಬೇಕಿತ್ತು. ಒಗಿನೊ ಸಾನ್‌ಗೆ ಈಗ ಎಂಬತ್ತಮೂರು, ಕೈ ನಡುಗುತ್ತದೆ. ಆ ದಿನ ಅದೇನಾಯಿತೋ, ನಡುಕ ಮರೆತು ನಾಲ್ಕು ನಿಮಿಷ ನುಡಿಸಿಬಿಟ್ಟರು. ನನ್ನ ಅಣ್ಣನ ಮಗಳು ಚಿಹಾಯ ಕಂಪ್ಯೂಟರಿಗೆ ಮಿಡಿ ಕೇಬಲ್ ಸಿಕ್ಕಿಸಿ ರೆಕಾರ್ಡ್ ಮಾಡಿಕೊಂಡಳು. ಮರಳಿ ಹಾಕಿದಾಗ ಸ್ವರಕ್ಕೆ ಸ್ವರ ಹಾಗೇ ಬಂತು. ಚಪ್ಪಾಳೆ ತಟ್ಟಿದೆವು. ಮರುದಿನ ಯಂತ್ರ ಹೋಯಿತು.

ನಾಲ್ಕನೇ ದಿನ ಚಿಹಾಯ ಮುಖ ಬಿಳಿಚಿಕೊಂಡು ಬಂದಳು.

“ಅತ್ತೆ, ದನಿನೇ ಬರ್ತಿಲ್ಲ. ಪರದೆ ಮೇಲೆ ಗೆರೆ ಮಾತ್ರ ಓಡ್ತವೆ.”

ಆಗ ನನಗೆ ಹೊಳೆಯಿತು. ಮಿಡಿ ಎಲ್ಲಿ ದನಿ ಹೊರುತ್ತದೆ! ಯಾವ ಕೀ, ಯಾವಾಗ, ಎಷ್ಟು ಜೋರಾಗಿ ಒತ್ತಿದರು, ಎಷ್ಟು ಹೊತ್ತು ಹಿಡಿದರು, ಅಷ್ಟೇ ಬರೆದಿಡುತ್ತದೆ. ಅಂದು ಹಾಡಿದ್ದು ಕಂಪ್ಯೂಟರಲ್ಲ, ಅದು ಹೇಳಿಕೊಟ್ಟಂತೆ ನಮ್ಮ ಯಂತ್ರವೇ. ದನಿ ಬೇಕಿದ್ದರೆ ಯಂತ್ರದ ಬೆನ್ನಿನಿಂದ ಬೇರೆ ತಂತಿ ಎಳೆದು ಆಡಿಯೊ ತುಂಬಿಕೊಳ್ಳಬೇಕಿತ್ತು. ಆ ತಂತಿ ಸಿಕ್ಕಿಸುವ ತೂತನ್ನು ಕೂರಿಸಿದವಳೇ ನಾನು. ದೀಪದ ಬುಡದಲ್ಲೇ ಕತ್ತಲು!

“ಮಾಡಿದೋಳಿಗೇ ಹೊಳೀಲಿಲ್ಲ, ನಿಂಗೇನಂತ ಬೈಲಿ?” ಎಂದು ಅವಳನ್ನು ಎಳೆದುಕೊಂಡು ಒಗಿನೊ ಸಾನ್ ಮನೆಗೆ ಹೋದೆ.

ಅವರು ನನ್ನತ್ತ ಕೈ ಚಾಚಿ ತೋರಿಸಿದರು. ನಡುಗುತ್ತಿತ್ತು. “ತಾಜು, ಇದ್ರಲ್ಲಿ ಇನ್ನೊಂದ್ಸಲ ಆಗಲ್ಲಮ್ಮ.” ಆಮೇಲೆ ನಕ್ಕರು. “ಆದ್ರೆ ಆವತ್ತಿನ ಕೈ ಈ ಹುಡುಗಿ ಕಂಪ್ಯೂಟರಲ್ಲೇ ಇದ್ಯಲ್ಲ! ಗಂಟಲು ಮ್ಯೂಸಿಯಂನಲ್ಲಿದೆ. ಎರಡನ್ನೂ ಸೇರ್ಸಿ.”

ಗಾಜು ಮುಚ್ಚುವುದು ಮರುದಿನ. ಮ್ಯೂಸಿಯಂನ ಮುಕೈ ಸಾನ್ ಬೆಳಿಗ್ಗೆ ಅರ್ಧ ಗಂಟೆ ಕೊಟ್ಟರು. ಮೂವರೂ ಹೋದೆವು. ಮಿಡಿ ಕೇಬಲ್ ಜತೆಗೆ ಈ ಸಲ ಆಡಿಯೊ ತಂತಿಯನ್ನೂ ನಾನೇ ಸಿಕ್ಕಿಸಿ ಸ್ವಿಚ್ ಹಾಕಿದೆ. ಚಿಹಾಯ ಗುಂಡಿಯ ಮೇಲೆ ಬೆರಳಿಟ್ಟಳು.

“ತಡಿ! ಚಹಾ.”

“ಅತ್ತೆ, ಇರೋದೇ ಅರ್ಧ ಗಂಟೆ!”

“ಅಂತ ಅಪಶ್ರುತಿ ತುಂಬ್ಕೋತೀಯಾ? ನಮ್ ಯಂತ್ರದ ಮಾನ ಕಳೀಬೇಡ, ಬಾ ಸುಮ್ನೆ.”

ಒಳಗೆ ಕುಡಿಯುವಂತಿಲ್ಲವೆಂದರು. ಹೊರಗಿನ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕ್ ಖಾಲಿ ಮಾಡಿದೆವು. ಇಪ್ಪತ್ತು ನಿಮಿಷ. ಚಿಹಾಯ ಗಡಿಯಾರ ನೋಡಿದಷ್ಟು ಸಲ ಚಹಾ ಗುಟುಕರಿಸಲಿಲ್ಲ.

ಒಳಗೆ ಬಂದು ಗುಂಡಿ ಒತ್ತಿದಳು. ಕೀಗಳ ಮೇಲೆ ಯಾರ ಕೈಯೂ ಇಲ್ಲ. ಒಗಿನೊ ಸಾನ್ ಕೈ ಅವರ ತೊಡೆಯ ಮೇಲೆ ನಡುಗುತ್ತ ಇತ್ತು. ಆದರೂ ನುಡಿಸುತ್ತಿದ್ದವರು ಅವರೇ: ಸ್ವರವನ್ನು ಅದೇ ತಡೆದು ಬಿಡುವ ಬಗೆ, ಮೂರನೇ ನಿಮಿಷದಲ್ಲಿ ಆವತ್ತು ಜಾರಿದ್ದ ಅದೇ ಸ್ವರ. ದನಿಯೋ, ಒಂದು ಕೂದಲೆಳೆಯೂ ಶ್ರುತಿ ಬಿಡಲಿಲ್ಲ. ಮುಕೈ ಸಾನ್ ಕೈಯಲ್ಲಿದ್ದ ಬೀಗದ ಕೈ ಮರೆತು ನಿಂತಿದ್ದರು. ನಾನು ಮಾಡಿದ್ದು ಇದು ಎಂದು ಕೂಗಿ ಹೇಳಬೇಕೆನ್ನಿಸಿತು.

ಮುಗಿದ ಮೇಲೆ ಚಿಹಾಯ ಇಯರ್‌ಫೋನ್ ಹಾಕಿ ಆಡಿಯೊ ಪರೀಕ್ಷಿಸಿದಳು. ಎಲ್ಲವೂ ಬಂದಿತ್ತು.

“ಒಗಿನೊ ಸಾನ್, ಒಳಗೆ ಸಣ್ಣಗೆ ಗುಂಯ್ ಅಂತಿದೆ. ತೆಗೆದ್ಬಿಡ್ಲಾ?”

“ಮುಟ್ಟೀಯ ಜೋಕೆ,” ಎಂದರು ಅವರು. “ಅದು ತಾಜು.”

ನಲವತ್ತು ವರ್ಷದ ಬೈಗುಳವೆಲ್ಲ ಅಲ್ಲಿಗೆ ವಜಾ ಆಯಿತು. ನಾನೇ ಸ್ವಿಚ್ ಆರಿಸಿದೆ.