ಗಾಜಿನ ಹಿಂದಿನ ಬಾಯಿ

"ನಿಮ್ಮಿಂದ್ಲೇ ಕಣ್ರೋ ಮಿಲ್ಲು ಹಾಳಾಗಿದ್ದು! ಒಂದಕ್ಕೆ ಅಂತ ಹೋದ್ರೆ ಅರ್ಧ ಗಂಟೆ. ಅದೇನು ಹೊಳೆ ಹರಿಸ್ತೀರೋ, ಸೋಂಬೇರಿ ಸೂಳೆಮಕ್ಳಾ!"

ಮ್ಯಾನೇಜರು ಸ್ಟೂಲು ಹತ್ತಿ ನಿಂತು ಓದುತ್ತಿದ್ದ. ಸಭೆಗೆಂದು ಮಗ್ಗ ನಿಲ್ಲಿಸಿ ಮುನ್ನೂರು ಜನರನ್ನು ಶೆಡ್ಡಿನ ನೆಲಕ್ಕೆ ಕೂರಿಸಿದ್ದರು. ಕಾಗದದ ತಲೆಬರಹ 'ನಷ್ಟಕ್ಕೆ ಕಾರಣಗಳು'. ಮೊದಲನೆಯದು ಕೆಲಸಗಾರರ ಸೋಮಾರಿತನ, ಎರಡನೆಯದು ಕೆಲಸಗಾರರ ಮುಷ್ಕರ, ಮೂರನೆಯದು ಕೆಲಸಗಾರರ ಬಾಯಿ. ಹತ್ತು ವರ್ಷದಿಂದ ಹೊಸ ಬೆಲ್ಟು ಕಾಣದೆ ಚಿಂದಿ ಕಟ್ಟಿಕೊಂಡು ಓಡುವ ಮಗ್ಗಗಳಿಗೆ, ಇಲ್ಲಿನ ಲಾಭ ತಿಂದು ದೂರದೂರಲ್ಲಿ ಎದ್ದ ಧಣಿಯ ಎರಡನೇ ಮಿಲ್ಲಿಗೆ ಆ ಕಾಗದದಲ್ಲಿ ಜಾಗ ಸಾಲದೆ ಹೋಗಿತ್ತು.

"'ಒಂದಕ್ಕೆ ಹೋದ್ರೆ ಅರ್ಧ ಗಂಟೆ!'" ಗಿಣಿ ಮ್ಯಾನೇಜರನ ಮೂಗುದನಿಯನ್ನೇ ತೆಗೆದಳು. "ಗಡಿಯಾರ ಹಿಡ್ಕೊಂಡು ಕಕ್ಕಸ್ಸಿನ ಬಾಗ್ಲು ಕಾಯೋದೇ ಇವನ ಕೆಲ್ಸ ಅನ್ಸುತ್ತೆ ಕಣೇ."

ಅಕ್ಕಪಕ್ಕದವರು ಕಿಸಕ್ಕೆಂದರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಹಾಗೇ ಒಪ್ಪಿಸುತ್ತಾಳೆಂದು ಅವಳಿಗೆ ಆ ಹೆಸರು.

ಪಕ್ಕದ ಮಗ್ಗದ ಕುಳ್ಳಿ ಪಿಸುಗುಟ್ಟಿದಳು. "ತಪ್ಪು ನಮ್ದೇ ಅಂತ ಸಹಿ ಹಾಕಿ ನಾಲ್ಕು ತಿಂಗ್ಳು ಮನೇಲಿದ್ರೆ, ಮಗ್ಗ ರಿಪೇರಿ ಮಾಡ್ಸಿ ಎಲ್ರನ್ನೂ ವಾಪಸ್ ಕರೀತಾರಂತೆ. ಹಾಕ್ತೀಯಾ?"

"ಮೇಲೆ ನನ್ನ ತಮ್ಮ ಇದಾನೆ. ಅವ್ನು ಹಾಕು ಅಂದ್ರೆ ಕಣ್ಮುಚ್ಚಿ ಹಾಕ್ತೀನಿ."

ತಮ್ಮ ಈಗ ಯೂನಿಯನ್ ಲೀಡರು. ಮೀಸೆ ಚಿಗುರುವ ಮೊದಲೇ ಅವನನ್ನು ಈ ಶೆಡ್ಡಿಗೆ ತಂದವಳು ಗಿಣಿ. ಮಗ್ಗಕ್ಕಿಂತ ಮೊದಲು ಕಲಿಸಿದ್ದು ಬಾಯಿ. ಮಗ್ಗ ಓಡುವಾಗ ಕಿವಿಯಲ್ಲಿ ಕೂಗಿದರೂ ಕೇಳದು. ಇಲ್ಲಿ ಮಾತನ್ನು ತುಟಿಯಲ್ಲೇ ಓದಬೇಕು. ಆ ತುದಿಯಿಂದ ಈ ತುದಿಗೆ ಜಗಳ, ಪ್ರೀತಿ, ಪೋಲಿ ಜೋಕು, ಎಲ್ಲವೂ ದನಿಯಿಲ್ಲದೆ. ಬೇಡದ ಮಾತಿಗೆ ಬೆನ್ನು ತಿರುಗಿಸಿದರಾಯಿತು; ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಗಿಣಿ ತಲೆ ಎತ್ತಿದಳು. ಮೇಲಿನ ಗಾಜಿನ ಕೋಣೆಯಲ್ಲಿ ತಮ್ಮ ಧಣಿಯೆದುರು ಕೂತಿದ್ದ. ಬಾಗಿಲು ಭದ್ರವಾಗಿತ್ತು. ಅಕ್ಕ ಕಲಿಸಿದಂತೆಯೇ ಒಂದೊಂದು ಅಕ್ಷರಕ್ಕೂ ಬಾಯಿ ತುಂಬ ತೆರೆದು ಮಾತಾಡುತ್ತಿದ್ದ.

"ಮೊದ್ಲು ಸಹಿ ಬೀಳ್ಲಿ ಧಣಿ. ನಾಳಿದ್ದೇ ಲಾರಿ ತರ್ಸಿ ಮಗ್ಗ ಎತ್ಸಿಬಿಡಿ. ಈ ಕುರಿಗಳು ನಾನು ಹೇಳಿದ್ರೆ ಕೇಳ್ತಾವೆ."

ಧಣಿ ಏನೋ ಕೇಳಿದ. ತಮ್ಮ ಗದ್ದ ಸವರಿಕೊಂಡು ನಕ್ಕ.

"ನಮ್ಮಕ್ಕಾನಾ? ಅವ್ಳೇ ಮೊದ್ಲು ಹಾಕ್ತಾಳೆ. ನಿಮ್ಮ ಎರಡನೇ ಮಿಲ್ಲಲ್ಲಿ ನನ್ನ ಸೂಪರ್‌ವೈಸರ್ ಕೆಲ್ಸ ಮಾತ್ರ ಮರೀಬೇಡಿ."

ಗಿಣಿ ಗಾಜಿನಿಂದ ಕಣ್ಣು ಕಿತ್ತಳು. ಪಕ್ಕಕ್ಕೆ ತಿರುಗಿದರೆ ಕುಳ್ಳಿಯೂ ಗಾಜನ್ನೇ ನೋಡುತ್ತಿದ್ದಳು. ಅವಳ ಹಿಂದಿನವನೂ. ಮುನ್ನೂರು ತಲೆಗಳೂ ಮೇಲಕ್ಕೆ ಎದ್ದಿದ್ದವು. ಆಮೇಲೆ ಒಂದೊಂದಾಗಿ ಗಿಣಿಯ ಕಡೆ ತಿರುಗಿದವು.

ಮಗ್ಗ ಬಿಟ್ಟು ಲೀಡರಾಗಿ ಮೆಟ್ಟಿಲು ಹತ್ತಿ ಆರು ವರ್ಷವಾಗಿತ್ತು. ಕೆಳಗಿನವರ ಕಣ್ಣಿಗೂ ಕಿವಿಯಿದೆ ಎಂಬುದನ್ನೇ ತಮ್ಮ ಮರೆತಿದ್ದ.

ಅವನು ಧಣಿಯನ್ನು ಹಿಂದಿಟ್ಟುಕೊಂಡು ಇಳಿದು ಬಂದ. "ಬಂಧುಗಳೇ! ನಮ್ಮವ್ವನ ಆಣೆ, ಇಲ್ಲಿಂದ ಒಂದು ಮಗ್ಗಾನೂ ಅಲ್ಲಾಡಲ್ಲ. ಅಕ್ಕಾ, ಬಾರೇ, ನೀನೇ ಶುರು ಮಾಡು."

ಅವ್ವ ಇಬ್ಬರಿಗೂ ಒಬ್ಬಳೇ. ಗಿಣಿ ಎದ್ದಳು.

"ಬೇಗ ಬಾರೇ, ಮೆರವಣಿಗೆ ಹೊರಟಿದೀಯಾ?" ಮ್ಯಾನೇಜರು ಗದರಿದ.

ಅವಳು ಪೆನ್ನು ತೆಗೆದುಕೊಂಡಳು. ಜನರ ಕಡೆ ತಿರುಗಿ ಗದ್ದ ಸವರಿಕೊಂಡಳು, ಥೇಟ್ ತಮ್ಮನೇ. ಬಾಯಿ ತುಂಬ ತೆರೆದು, ದನಿಯಿಲ್ಲದೆ ಆಡಿದಳು: ಈ ಕುರಿಗಳು ನಾನು ಹೇಳಿದ್ರೆ ಕೇಳ್ತಾವೆ.

ಮುನ್ನೂರು ಬಾಯಿಗಳು ಅದನ್ನೇ ಆಡಿದವು. ಶೆಡ್ಡಿನಲ್ಲಿ ಸದ್ದೇ ಇಲ್ಲ.

"ಏನ್ರೀ ಇದು? ಯಾಕೆ ಹೀಗೆ ಬಾಯಿ ಆಡಿಸ್ತಿದಾರೆ?" ಧಣಿ ಕೇಳಿದ.

ತಮ್ಮ ಗಿಣಿಯ ಕಡೆ ತಿರುಗಿದ. ತುಟಿ ಮಾತ್ರ ಅಲುಗಿತು: ಅಕ್ಕಾ.

ಗಿಣಿ ಓದಿದಳು. ಪೆನ್ನನ್ನು ಅವನ ಕಾಲ ಬಳಿ ಬೀಳಿಸಿ, ಬೆನ್ನು ತಿರುಗಿಸಿ ತನ್ನ ಮಗ್ಗಕ್ಕೆ ನಡೆದು ಹಿಡಿ ಎಳೆದಳು. ಮಗ್ಗ ಅಬ್ಬರಿಸಿತು. ಕುಳ್ಳಿಯದೂ. ಅದರಾಚೆಯದೂ. ಒಂದೊಂದಾಗಿ ಶೆಡ್ಡೆಲ್ಲ ಅದುರತೊಡಗಿತು.

ಹಿಂದೆ ಅವನು ಏನೋ ಕೂಗುತ್ತಿದ್ದಿರಬೇಕು. ನೋಡಿದರೆ ತಾನೆ ಕೇಳುವುದು!